ಅಡ್ಡಗೆರೆ

"ನಾಲ್ಕೇ ಜನಾನಾ? ಹಾಗಾದ್ರೆ ಮೂರು ಗಂಟೆಗೆ ಸಮೀಕ್ಷೆ ಮುಚ್ಚಿದ ಕೂಡ್ಲೇ ವರದಿಯಲ್ಲಿ ಆ ಸಂಖ್ಯೆ ಅಳಿಸಿ ಅಡ್ಡಗೆರೆ ಎಳೆದುಬಿಡು," ಎಂದಳು ಹಿಲ್ಕಾ. ಫಿನ್ಲೆಂಡಿನ ಆ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಕ್ಷೇಮ ಸಮೀಕ್ಷೆ ನಡೆಸುವವಳು ಅವಳು; ಅಲ್ಲೇ ಓದುವ ಸೈಮಿ ಅವಳ ಸಹಾಯಕಿ. ಪರದೆಯ ಮೇಲಿದ್ದ ಪ್ರಶ್ನೆ: ಹುಷಾರು ತಪ್ಪಿದರೆ ಕರೆಯಲು ನಿಮಗೆ ಯಾರಿದ್ದಾರೆ? 'ಯಾರೂ ಇಲ್ಲ' ಎಂದವರು ನಾಲ್ವರು.

"ಗೆರೆ ಎಳೆದ್ರೆ ಅವರು ಕಾಣೋದೇ ಇಲ್ವಲ್ಲ?"

"ಕಾಣಬಾರದು ಅಂತಲೇ ನಿಯಮ ಇರೋದು ಮಾರಾಯ್ತಿ. ಐದಕ್ಕಿಂತ ಕಮ್ಮಿ ಇದ್ರೆ ಯಾರ್ಯಾರು ಅಂತ ಗೊತ್ತಾಗಿಬಿಡುತ್ತೆ. ಐದಾದ್ರೆ ಮೇಲಿನವರ ಕಣ್ಣಿಗೆ ಬೀಳುತ್ತೆ." ಹಿಲ್ಕಾ ಕಾಫಿ ತರಲು ಹೋದಳು.

ಇನ್ನೂ ಹತ್ತು ನಿಮಿಷವಿತ್ತು. ಸಮೀಕ್ಷೆ ಮುಚ್ಚುವವರೆಗೆ ಯಾರು ಬೇಕಾದರೂ ತಮ್ಮ ಉತ್ತರ ತಿದ್ದಬಹುದು. ಸೈಮಿ ಹೋದ ವಾರ ತಾನು ತುಂಬಿದ್ದನ್ನು ಫೋನಿನಲ್ಲಿ ತೆರೆದಳು. ಆ ಪ್ರಶ್ನೆಗೆ 'ಇಬ್ಬರು ಮೂವರು' ಎಂದು ಗುರುತು ಹಾಕಿದ್ದಳು. ಹಾಕುವಾಗ ಹಿಲ್ಕಾಳನ್ನೂ ತರಗತಿಯಲ್ಲಿ ನಕ್ಕು ಮಾತಾಡಿಸುವ ಒಬ್ಬಿಬ್ಬರನ್ನೂ ಲೆಕ್ಕಕ್ಕೆ ಹಿಡಿದಿದ್ದಳು. ಅವರಿರಲಿ, ಹಿಲ್ಕಾಳ ನಂಬರೂ ಅವಳ ಹತ್ತಿರ ಇರಲಿಲ್ಲ. ಬೆರಳು ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

ಮೂರು ದಾಟಿದ ಮೇಲೆ ಹಿಲ್ಕಾ ಎರಡು ಲೋಟ ಹಿಡಿದು ಬಂದಳು. "ಗೆರೆ ಎಳೆದ್ಯಾ?"

"ಬೇಕಾಗ್ಲಿಲ್ಲ," ಎಂದಳು ಸೈಮಿ, ಪರದೆಯಿಂದ ಕಣ್ಣು ತೆಗೆಯದೆ. "ಈಗ ಐದು ಜನ ಇದ್ದೀವಿ."