ಅಂಗೈಯಗಲದ ಪಿಸ್ತೂಲು

ಮರಳು ದಂಧೆಯ ಮೇಲೆ ದೂರು ಕೊಟ್ಟಿದ್ದ ಮೇಷ್ಟ್ರು ವರ್ಷವಿಡೀ ಅಲೆದು ಲೈಸೆನ್ಸ್ ಪಡೆದು ಪಿಸ್ತೂಲು ತಂದರು.

"ಇಷ್ಟೇ ಇಷ್ಟಿದೆ. ಮಚ್ಚು ಹಿಡಿದು ಬಂದವರಿಗೆ ಇದು ಸಾಕೇನ್ರೀ?" ಎಂದಳು ಹೆಂಡತಿ.

"ಸದ್ದಿಗೇ ಓಡ್ತಾರೆ ಕಣೇ. ಕೈಯಲ್ಲಿದ್ರೆ ಸಾಕು."

ಅಷ್ಟರಲ್ಲಿ ಚುನಾವಣೆ ಬಂತು. ಲೈಸೆನ್ಸ್ ಇದ್ದವರೆಲ್ಲ ಬಂದೂಕು, ಪಿಸ್ತೂಲುಗಳನ್ನು ಠಾಣೆಗೆ ಒಪ್ಪಿಸಬೇಕೆಂದು ನೋಟಿಸು ಬಂತು. ಮಚ್ಚಿನ ಮಾತು ಅದರಲ್ಲಿರಲಿಲ್ಲ.

"ಎಲೆಕ್ಷನ್ ಮುಗಿಯೋ ತನಕ ನಮ್ಮತ್ರ ಭದ್ರವಾಗಿರುತ್ತೆ ಮೇಷ್ಟ್ರೇ," ಎಂದು ಇನ್‌ಸ್ಪೆಕ್ಟರ್ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಮೂರನೇ ದಿನ ಬೆಳಿಗ್ಗೆ, ಹಾಲು ತರಲು ಹೋದ ಮೇಷ್ಟ್ರನ್ನು ಬೀದಿಯಲ್ಲೇ ಕೊಚ್ಚಿಹಾಕಿದರು.

ಜಿಲ್ಲೆಯಿಂದ ಬಂದ ದೊಡ್ಡ ಸಾಹೇಬರು, ಇನ್‌ಸ್ಪೆಕ್ಟರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೇಷ್ಟ್ರ ಹೆಂಡತಿಯನ್ನು ಕೇಳಿದರು: "ಲೈಸೆನ್ಸ್ ಕೊಟ್ಟಿದ್ವಲ್ಲಮ್ಮ, ಪಿಸ್ತೂಲಿಗೇನಾಯ್ತು?"

"ಅದಕ್ಕೇನೂ ಆಗಿಲ್ಲ ಸ್ವಾಮಿ. ಇವರ ಬೀರುವಿನಲ್ಲಿ ಭದ್ರವಾಗಿದೆ."