ಒಬ್ಬೊಬ್ಬರಿಗೆ ಒಂದೊಂದು ವಿಳಾಸ

ಮತ್ತೆ ಬಂದಿದ್ದವು. ಎರಡು ವಾರ ತಣ್ಣಗಿದ್ದ ಇಮೇಲ್ ಪೆಟ್ಟಿಗೆ ಬೆಳಿಗ್ಗೆ ತೆರೆಯುತ್ತಲೇ ತುಂಬಿ ತುಳುಕುತ್ತಿತ್ತು. ಬಾಡಿಗೆ ಕೋಣೆ. ಅಳಿಸಿದ. ತಿಂಗಳ ಊಟದ ಡಬ್ಬಿ. ಅಳಿಸಿದ. ಪುಟ್ಟ ಫ್ರಿಜ್, ಮಂಚ, ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವವರು. ಊರಿನ ವ್ಯಾಪಾರಿಗಳಿಗೆಲ್ಲ ಇವನೊಬ್ಬನೇ ಗಿರಾಕಿ! ತಲೆ ಕೆಟ್ಟುಹೋಯಿತು.

ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವುದು ಅವನ ಕೆಲಸ. ಸೀಟಿನಲ್ಲಿ ತೂಕಡಿಸುವವರನ್ನು ಕಂಡರೂ ನಾಟಕ ಎನ್ನುವಷ್ಟು ಆ ಕೆಲಸ ಮೈಗೂಡಿತ್ತು. ಹಿಂದೆ ಲಾಟರಿ, ಸಾಲ, ಬೊಜ್ಜು ಕರಗಿಸುವ ಪುಡಿ ಎಂದು ಕಸದ ಮೇಲ್‌ಗಳು ಮುತ್ತಿಕೊಂಡಾಗಲೂ ಅವನಿಗೆ ಹೊಳೆದದ್ದು ಒಂದೇ: ಯಾರೋ ಗೊತ್ತಿದ್ದವರೇ ತನ್ನ ವಿಳಾಸ ಮಾರಿದ್ದಾರೆ. ಕನ್ನಡಕದಂಗಡಿಯ ಹಳೆಯ ಗೆಳೆಯನ ಜೊತೆ ಮಾತು ಬಿಟ್ಟ. ಹೆಂಡತಿಯ ತಮ್ಮ ಊಟಕ್ಕೆ ಬಂದಿದ್ದಾಗ ಅವನ ಫೋನು ಕಿತ್ತುಕೊಂಡು ಎಲ್ಲರೆದುರೇ ಜಾಲಾಡಿದ. ಏನೂ ಸಿಗಲಿಲ್ಲ. ಅರ್ಧ ಊಟಕ್ಕೇ ಎದ್ದುಹೋದ ತಮ್ಮ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಂದಿನಿಂದ ಹೆಂಡತಿಯ ಮಾತೂ ಅಷ್ಟಕ್ಕಷ್ಟೇ ಆಗಿತ್ತು. ಕಳ್ಳನೊಬ್ಬ ಸಿಕ್ಕಿಬೀಳಲಿ, ತಾನು ಸುಮ್ಮನೆ ಕೂಗಾಡಿದ್ದಲ್ಲ ಎಂದು ಅವಳಿಗೂ ತಿಳಿಯುತ್ತದೆ, ಮನೆ ಮೊದಲಿನಂತಾಗುತ್ತದೆ ಎಂದು ಅವನು ನಂಬಿಕೊಂಡಿದ್ದ.

ಡಿಪೋದ ಕಂಪ್ಯೂಟರ್ ವಿಭಾಗದವಳು ಉಪಾಯ ಹೇಳಿಕೊಟ್ಟಿದ್ದಳು. “ಹಳೇದನ್ನ ಮುಚ್ಚಿ ಹೊಸ ವಿಳಾಸ ಮಾಡ್ಕೊಳ್ಳಿ ಸಾರ್. ಕೊಡುವಾಗ ಒಬ್ಬೊಬ್ಬರಿಗೂ ಅದರಲ್ಲಿ ಒಂದೊಂದು ಬೇರೆ ಪದ ಸೇರಿಸಿ ಕೊಡಿ. ಮೇಲ್ ನಿಮ್ಮ ಹತ್ರಾನೇ ಬರುತ್ತೆ. ಯಾರಿಗೆ ಕೊಟ್ಟ ವಿಳಾಸ ಸೋರಿದೆ ಅನ್ನೋದೂ ಗೊತ್ತಾಗುತ್ತೆ.”

ಬ್ಯಾಂಕಿಗೊಂದು, ಔಷಧಿ ಅಂಗಡಿಗೊಂದು, ಕ್ಷೌರದವನಿಗೊಂದು ಪದ ಗೊತ್ತುಮಾಡಿದ. ಹೆಂಡತಿಯನ್ನು ಮಾತ್ರ ಏಕೆ ಬಿಡಬೇಕೆಂದು ಅವಳಿಗೂ ಒಂದು ಕೊಟ್ಟ.

“ನನಗೂನಾ?” ಎಂದಷ್ಟೇ ಕೇಳಿದ್ದಳು.

“ನಿಯಮ ಅಂದ್ಮೇಲೆ ಎಲ್ಲರಿಗೂ ಒಂದೇ.”

ಈಗ ಬಲೆಗೆ ಯಾರೋ ಬಿದ್ದಿದ್ದರು. ಅಳಿಸುವುದನ್ನು ನಿಲ್ಲಿಸಿ ಒಂದು ಮೇಲನ್ನು ತೆರೆದು, ಅದು ಯಾವ ವಿಳಾಸಕ್ಕೆ ಬಂದಿದೆ ಎಂದು ನೋಡಿದ. ನಡುವೆ ಸೇರಿಸಿದ್ದ ಪದ ‘ಮನೆ’. ಇನ್ನೊಂದು ತೆರೆದ. ಅದರಲ್ಲೂ ‘ಮನೆ’. ಮತ್ತೊಂದರಲ್ಲೂ ಅದೇ. ಆ ಪದವನ್ನು ಅವನು ಕೊಟ್ಟಿದ್ದು ಒಬ್ಬಳಿಗೇ.

ಫೋನು ಹಿಡಿದು ಅಡುಗೆಮನೆಗೆ ನುಗ್ಗಿದ. ಹೆಂಡತಿ ಲೋಟ ತೊಳೆಯುತ್ತಿದ್ದಳು.

“ನನ್ನ ವಿಳಾಸ ಯಾರ್ಯಾರಿಗೆ ಹಂಚಿದ್ದೀಯ?”

“ಬೇಕಾದವರಿಗೆ ಕೊಟ್ಟಿದ್ದೀನಿ. ಬಂತಾ?”

“ಬಂತಾ ಅಂತ ಬೇರೆ ಕೇಳ್ತೀಯಲ್ಲ! ಅಳಿಸಿ ಅಳಿಸಿ ಕೈ ಬಿದ್ದುಹೋಯ್ತು. ಎರಡು ಕಾಸಿನ ರಿಯಾಯಿತಿಗೆ ಗಂಡನ್ನೇ ಮಾರಿಬಿಟ್ಯಾ?”

“ಅಯ್ಯೋ, ಒಂದನ್ನೂ ಓದ್ಲೇ ಇಲ್ವಾ?” ಅವಳು ನಲ್ಲಿ ನಿಲ್ಲಿಸಿದಳು. “ಕೆಲವು ಚೆನ್ನಾಗಿದ್ವು ರೀ. ನಿನ್ನೆ ಕೂತು ನಾನೇ ಆರಿಸಿ ನಿಮ್ಮ ವಿಳಾಸ ಕೊಟ್ಟಿದ್ದು.”

ಅವನು ಉಳಿದವನ್ನು ಓದಿದ. ಒಬ್ಬರಿಗೆ ಸಾಕಾಗುವ ಕೋಣೆ. ಒಬ್ಬರ ಊಟದ ಡಬ್ಬಿ. ಒಬ್ಬರು ಮಲಗುವ ಮಂಚ. ಸಿಟ್ಟು ಜರ್ರನೆ ಇಳಿಯಿತು. ನಿಜಕ್ಕೂ ಹೆದರಿಕೆಯಾಯಿತು.

“ನೀನು... ಮನೆ ಬಿಟ್ಟು ಹೋಗ್ತಿದ್ದೀಯಾ?”

“ನಾನ್ಯಾಕೆ ಹೋಗ್ಲಿ, ಇದು ನಮ್ಮಪ್ಪ ನನ್ನ ಹೆಸರಿಗೆ ಕಟ್ಟಿಸಿಕೊಟ್ಟ ಮನೆ,” ಎಂದು ಅವಳು ಕೈ ಒರೆಸಿಕೊಂಡಳು. “ಕೋಣೆ ನೋಡಿರೋದು ನಿಮಗೆ, ಶನಿವಾರ ಸಾಮಾನು ಸಾಗಿಸೋ ಗಾಡಿ ಬರುತ್ತೆ, ಅವರ ಮೇಲ್ ಒಂದನ್ನಾದ್ರೂ ಅಳಿಸ್ಬೇಡಿ.”