ಸಣ್ಣ ಗಾಡಿಯ ಪೂಜೆ

ಬಸವೇಶ್ವರಿ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಕಾರು ಇರಲಿಲ್ಲ, ಕರದಂಟು ಇತ್ತು. ಓಡುತ್ತಿದ್ದ ಬಸ್ಸಿನಲ್ಲಿ ತುಪ್ಪದ ವಾಸನೆ ಗಮ್ಮೆಂದು ಮುಖಕ್ಕೆ ಬಡಿಯಿತು.

ಅವಳು ಇಳಕಲ್ಲಿನಲ್ಲಿ ಹಲ್ಲಿನ ಡಾಕ್ಟರು. ಅಂದು ಮಧ್ಯಾಹ್ನ ಬಾಗಲಕೋಟೆಯ ನವನಗರದಲ್ಲಿ ಮಾದರಿ ಕಾರುಗಳ ಸ್ಪರ್ಧೆಯಿತ್ತು. ದವಾಖಾನೆ ಮುಗಿದ ಮೇಲೆ ಸಂಜೆ ಸಂಜೆ ಕೂತು, ಕಿಟ್ಟಿನ ಪ್ಲಾಸ್ಟಿಕ್ ಚೂರುಗಳನ್ನು ಒಂದೊಂದಾಗಿ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹೊಡೆದು, ಅಂಗೈಗಿಂತ ತುಸು ಉದ್ದದ ಹಳೇ ಕಾಲದ ನೀಲಿ ಫಿಯಟ್ ಒಂದನ್ನು ಕಟ್ಟಿದ್ದಳು. ಅದರ ಕನ್ನಡಿ ಉಸಿರು ಬಿಟ್ಟರೆ ಹಾರಿಹೋಗುವಷ್ಟು ಸಣ್ಣದು. ಪೆಟ್ಟಾಗದಿರಲಿ ಎಂದು ಹತ್ತಿಯಲ್ಲಿ ಸುತ್ತಿ, ಮನೆಯಲ್ಲಿದ್ದ ಖಾಲಿ ಕರದಂಟಿನ ಡಬ್ಬಿಯಲ್ಲಿಟ್ಟಿದ್ದಳು. ಪಕ್ಕದಲ್ಲಿ ಕೂತಿದ್ದ ಮುದುಕಿ ತಾಯವ್ವ, ಬಸ್ಸು ಅಮೀನಗಡದಲ್ಲಿ ನಿಂತಾಗ ಅಂಥದ್ದೇ ಡಬ್ಬಿ ಕೊಂಡು ತಂದಳು. ಬೇವೂರಿನ ಕ್ರಾಸಿನಲ್ಲಿ ಅವಸರವಾಗಿ ಇಳಿಯುವಾಗ ಕೈಗೆ ಸಿಕ್ಕ ಡಬ್ಬಿ ಎತ್ತಿಕೊಂಡು ಹೋಗಿದ್ದಳು.

“ಹೋಲ್ಡಾನ್ ರೀ! ಗಾಡಿ ನಿಲ್ಲಸ್ರಿ, ನಾ ಇಳೀತೇನಿ!”

“ಬಾಗಲಕೋಟಿ ಇನ್ನೂ ಮುಂದ ಐತ್ರಿ, ಮೇಡಂ,” ಎಂದ ಕಂಡಕ್ಟರ್.

“ನನ್ನ ಕಾರು ಬೇವೂರಿಗೆ ಹೋಗೇತ್ರಿ!”

ಇಡೀ ಬಸ್ಸು ತಿರುಗಿ ನೋಡಿತು. “ಕಾರ್ ಇದ್ದಾಕಿ ಬಸ್ಸಿಗೆ ಯಾಕ ಬಂದಾಳೋ ಮಾರಾಯಾ,” ಎಂದು ಹಿಂದಿನ ಸೀಟಿನಿಂದ ಯಾರೋ ಅಂದದ್ದು ಕೇಳಿಸಿಕೊಳ್ಳುವಷ್ಟು ಪುರಸತ್ತು ಅವಳಿಗಿರಲಿಲ್ಲ. ಕೆಳಗಿಳಿದು, ಎದುರು ಬಂದ ಟಂಟಂ ಆಟೋ ಹತ್ತಿದಳು. ಕ್ರಾಸಿನಲ್ಲಿ ಹೊರಳಿ ಬೇವೂರಿನತ್ತ ಹೊರಟ ಟಂಟಂ ಕುಣಿದಾಗಲೆಲ್ಲ ಅವಳ ಕಣ್ಣೆದುರು ಕನ್ನಡಿ ಮುರಿಯುತ್ತಿತ್ತು, ಬಾಗಿಲು ಕಳಚುತ್ತಿತ್ತು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಳಿಯ ಚೇತನಕುಮಾರ ಸೆಕೆಂಡ್‌ಹ್ಯಾಂಡ್ ಕಾರು ತಂದಿದ್ದಾನೆ, ಇವತ್ತೇ ಅದರ ಪೂಜೆ ಎಂದು ತಾಯವ್ವ ದಾರಿಯುದ್ದಕ್ಕೂ ಹೇಳಿದ್ದಳು. ಅಂಗಳದಲ್ಲಿ ಬಿಳಿ ಕಾರು, ಅದಕ್ಕೆ ಚೆಂಡುಹೂವಿನ ಹಾರ, ಸುತ್ತಲೂ ಮಂದಿ. ಕಾರಿನ ಪಕ್ಕದಲ್ಲೊಂದು ಮಣೆ. ಮಣೆಯ ಮೇಲೆ ಅವಳ ಫಿಯಟ್! ಬಾನೆಟ್ಟಿಗೆ ಮೂರು ಎಳೆ ವಿಭೂತಿ, ಒಂದು ಕುಂಕುಮದ ಬೊಟ್ಟು, ನೆತ್ತಿಯ ಮೇಲೆ ಒಂದು ಸೇವಂತಿ ಹೂವು.

ಬಸವೇಶ್ವರಿ ಬಗ್ಗಿ, ರೋಗಿಯ ಬಾಯಿ ನೋಡುವ ಹಾಗೆ ಅದರ ಸುತ್ತ ಕಣ್ಣಾಡಿಸಿದಳು. ಕನ್ನಡಿ ಇದೆ. ಬಾಗಿಲು ಇವೆ. ಬಂಪರು ನೆಟ್ಟಗಿದೆ.

“ಬಂದೇನಬೇ ಯವ್ವಾ?” ತಾಯವ್ವ ಓಡಿ ಬಂದಳು. “ಡಬ್ಬಿ ಬಿಚ್ಚಿದ್ರ ಗಾಡಿ! ಬಸ್ಸಿನ್ಯಾಗಿನ ಡಾಕ್ಟರಮ್ಮಂದ ಇರಬೇಕು, ಹುಡಿಕ್ಕೊಂಡು ಬರ್ತಾಳ, ಯಾರೂ ಕೈ ಹಚ್ಚಬ್ಯಾಡ್ರಿ ಅಂತ ಕಾಯ್ಕೊಂತ ನಿಂತೇನಿ. ಪೂಜಿ ದಿನಾ ಮನಿಗೆ ಬಂದ ಗಾಡಿಗೆ ಪೂಜಿ ಮಾಡದ ಬಿಡಾಕ ಬರ್ತೈತೇನು?”

ದೊಡ್ಡ ಕಾರಿನ ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟಿದ್ದರು. ಫಿಯಟ್ಟಿನ ನಾಲ್ಕೂ ಗಾಲಿಗಳ ಮುಂದೆ ಒಂದೊಂದು ಹಸಿರು ಹಸಿ ಕಡಲೆಕಾಳು.

“ಲಿಂಬಿಹಣ್ಣು ಇದಕ್ಕ ಭಾಳ ದೊಡ್ಡೂ ಆದೂವು,” ಎಂದಳು ತಾಯವ್ವ. “ಬಿಡಬೇ, ಒಂದೀಟು ಮುಂದಕ್ಕ ಬಿಡು.”

“ಬ್ಯಾಡ ಆಯಿ! ಇದು ಬರೇ ನೋಡಾಕ ಮಾಡಿದ್ದು.”

ಚೇತನಕುಮಾರ ಬಿಳಿ ಕಾರಿನ ಕಿಟಕಿಯಿಂದ ತಲೆ ಹೊರಹಾಕಿದ. “ಗಾಲಿ ತಿರಗೂದಿಲ್ಲೇನ್ರಿ, ಡಾಕ್ಟರ?”

“ತಿರಗತಾವ್ರಿ.”

“ಮತ್ತ?”

ಬಸವೇಶ್ವರಿ ಗಾಲಿಯೊಂದನ್ನು ಬೆರಳಿನಿಂದ ಸವರಿದಳು. ಗಾಲಿ ಸಲೀಸಾಗಿ ತಿರುಗಲೆಂದು ಎಷ್ಟು ಸಂಜೆ ಕಣ್ಣು ನೋಯಿಸಿಕೊಂಡಿದ್ದಳು! ಆದರೆ ಒಂದು ದಿನವೂ ಓಡಿಸಿರಲಿಲ್ಲ. ಅವಳು ಕಟ್ಟಿದ ಕಾರುಗಳೆಲ್ಲ ಮೇಜಿನಿಂದ ಗಾಜಿನ ಕಪಾಟಿಗೆ ಹೋದವು, ಅಲ್ಲೇ ನಿಂತವು. ಅವಳು ಸೀರೆಯ ನೆರಿಗೆ ಒತ್ತಿಕೊಂಡು ಮಣೆಯ ಮುಂದೆ ಮೊಣಕಾಲೂರಿದಳು.

“ಇಬ್ರೂ ಕೂಡೇ ಬಿಡ್ರಿ!” ತಾಯವ್ವ ಕೂಗಿದಳು.

ಬಿಳಿ ಕಾರು ಗುರ್ರೆಂದು ಮುಂದೆ ಸರಿಯಿತು, ಲಿಂಬೆಹಣ್ಣು ಪಚಕ್ಕೆಂದವು. ಬಸವೇಶ್ವರಿ ಫಿಯಟ್ಟಿನ ಬೆನ್ನು ಹಿಡಿದು ಅದುಮಿ ದೂಡಿದಳು. ಎಳೆಯ ಕಾಳು ಪಿಚಕ್ಕೆಂದವು. ಬೆರಳು ತೆಗೆದರೂ ಗಾಡಿ ನಿಲ್ಲಲಿಲ್ಲ. ಮಣೆಯುದ್ದಕ್ಕೂ ಓಡಿ ಅಂಚು ದಾಟುವಷ್ಟರಲ್ಲಿ ಇನ್ನೊಂದು ಕೈಯಿಂದ ಹಿಡಿದಳು. ಮಂದಿ ಚಪ್ಪಾಳೆ ಹೊಡೆದರು. ಅಷ್ಟು ಜೋರಾಗಿ ನಗುತ್ತಿರುವುದು ತಾನೇ ಎಂದು ಅವಳಿಗೆ ತಡವಾಗಿ ತಿಳಿಯಿತು.

ಡಬ್ಬಿ ಮರಳಿಸಲು ಹೋದರೆ ತಾಯವ್ವ ಕರದಂಟನ್ನು ಅವಳ ಬಾಯಿಗೇ ಹಾಕಿದಳು. “ಮೊದಲನೇ ಸವಾರಿ ನಿಮ್ಮದ ಆಗ್ಲಿ,” ಎಂದು ಚೇತನಕುಮಾರ ತನ್ನ ಕಾರಿನಲ್ಲೇ ಅವಳನ್ನು ನವನಗರಕ್ಕೆ ಬಿಟ್ಟುಬಂದ. ದಾರಿಯಲ್ಲಿ ಫಿಯಟ್ ಅವಳ ತೊಡೆಯ ಮೇಲಿತ್ತು.

ಸ್ಪರ್ಧೆಯ ತೀರ್ಪುಗಾರರು ವ್ಯಾಸರಾಜ ಮಾಸ್ತರರು. ಯಾರನ್ನೂ ಸುಲಭವಾಗಿ ಹೊಗಳುವವರಲ್ಲ. ಭೂತಗನ್ನಡಿ ಹಿಡಿದು ಫಿಯಟ್ಟಿನ ಮುಂದೆ ಬಹಳ ಹೊತ್ತು ನಿಂತರು.

“ಬಾನೆಟ್ ಮ್ಯಾಲೆ ಇದೇನ್ರೀ?”

“ವಿಭೂತಿ, ಸರ್.”

“ಟೈರಿಗೆ ಹಸರು?”

“ಹಸಿ ಕಡ್ಲಿ.”

“ಒರಸಿಬಿಡ್ರಿ. ಇನ್ನೂ ವ್ಯಾಳ್ಯಾ ಅದ. ಇಲ್ಲಾಂದ್ರ ಮಾರ್ಕ್ಸ್ ಹೋಗ್ತಾವ.”

“ಹೋಗ್ಲಿ ಬಿಡ್ರಿ, ಸರ್,” ಎಂದಳು ಬಸವೇಶ್ವರಿ.

ಮಾಸ್ತರರು ಕನ್ನಡಕದ ಮೇಲಿಂದ ಅವಳನ್ನೊಮ್ಮೆ ನೋಡಿ ಮುಂದಿನ ಮೇಜಿಗೆ ಹೋದರು. ಚಹಾಕ್ಕೆ ಎಲ್ಲರೂ ಹೊರಬಿದ್ದಾಗ ಅವಳು ಬಾಗಿಲಲ್ಲಿ ತಿರುಗಿ ನೋಡಿದಳು. ಖಾಲಿ ಹಾಲ್‌ನಲ್ಲಿ ಮಾಸ್ತರರು ಫಿಯಟ್ಟಿನ ಬಳಿ ಮರಳಿ ಬಂದಿದ್ದರು. ಅತ್ತ ನೋಡಿದರು, ಇತ್ತ ನೋಡಿದರು, ಒಂದು ಬೆರಳಿನಿಂದ ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ದೂಡಿ, ತುಟಿ ಕೂಡಿಸಿ “ಡುರ್‍ರ್‍ರ್” ಎಂದರು.